ಅಂಜನದ ಕಲ್ಲು

೧೯೫೭ ಜೂನ್ ೩೦, ಭಾನುವಾರ

ಸೊಸೆ, ಆ ಗುಂಡ್ಲುಪೇಟೆಯವಳು, ತವರಿನಿಂದ ಇವತ್ತು ವಾಪಸು ಬಂದಳು. ಹೋಗುವಾಗ ವಾರ ಅಂದಿದ್ದಳು, ತಿಂಗಳು ಕಳೆದಳು. ಇರಲಿ, ನನಗೆ ಬೇಕಾದ್ದು ನನ್ನ ಮೊಮ್ಮಗ. ಜಟಕಾದಿಂದ ಇಳಿಸಿದ್ದೇ ತಡ, ಮಲ್ಲು ತಪ್ಪು ಹೆಜ್ಜೆ ಇಡುತ್ತಾ ಜಗುಲಿಗೆ ಬಂದು "ಜ್ಜೀ" ಅಂತ ನನ್ನ ಕಾಲು ತಬ್ಬಿಕೊಂಡ. ಹೋಗುವಾಗ ಅಂಬೆಗಾಲಿಡುತ್ತಿದ್ದವನು! ಯಜಮಾನರು ಇದ್ದಿದ್ದರೆ ತಮ್ಮ ಹೆಸರಿಟ್ಟುಕೊಂಡ ಮೊಮ್ಮಗ ನಡೆಯುವುದು ನೋಡಿ ಬೀದಿಗೆಲ್ಲಾ ಸಕ್ಕರೆ ಹಂಚುತ್ತಿದ್ದರು. ಮೊದಲ ಹೆಜ್ಜೆ ಇಟ್ಟದ್ದು ಬೀಗಿತ್ತಿ ಗಿರಿಜಾಂಬಾನ ಅಂಗಳದಲ್ಲಂತೆ. ಅದನ್ನು ಹೇಳುವಾಗ ಇವಳು ಎಷ್ಟು ಬೀಗುತ್ತಿದ್ದಳು!

ತವರಿನ ಗಂಟು ಬಿಚ್ಚಿದಳು. ಹುಣಸೇಹಣ್ಣು, ಅವರೆಬೇಳೆ, ಅದರ ಮಧ್ಯೆ ಒಂದು ಹಿತ್ತಾಳೆ ಡಬ್ಬಿ. "ಅಮ್ಮ ಹರಳೆಣ್ಣೆ ದೀಪ ಹಚ್ಚಿ ಮಸಿ ಹಿಡಿದು ಮಾಡಿದ ಕಾಡಿಗೆ ಅತ್ತೆ, ಪಾಪೂಗೆ ತಂಪು" ಅಂದಳು. ನಾನು "ಹೂಂ" ಅಂದೆ. ಮನಸ್ಸು ಮಾತ್ರ ಹೂಂ ಅನ್ನಲಿಲ್ಲ. ಯಾಕೆ, ನಮ್ಮ ಮನೆಯಲ್ಲಿ ಹರಳೆಣ್ಣೆ ಇಲ್ಲವೇ, ದೀಪ ಇಲ್ಲವೇ? ಕಣ್ಣಿಗೆ ಹಚ್ಚುವ ಕಪ್ಪನ್ನೇ ಯಾಕೆ ಕಳಿಸಬೇಕು? ನನ್ನ ಮಗ ಚನ್ನಬಸುಗೆ ರೈಲ್ವೆ ಕಚೇರಿಯಲ್ಲಿ ಗುಮಾಸ್ತಗಿರಿ ಖಾಯಂ ಆದಾಗಿನಿಂದ ಕ್ವಾರ್ಟರ್ಸ್ ಕ್ವಾರ್ಟರ್ಸ್ ಅಂತ ಇವಳ ಜಪ. ಮಗನನ್ನು ಎಳೆದಾಯಿತು, ಈಗ ಮೊಮ್ಮಗನ ಕಣ್ಣಿಗೆ ಏನೋ ಮಾಡಿಸಿ ಕಳಿಸಿದ್ದಾರೆ. ಆ ಕಡೆಯವರಿಗೆ ಮಾಟ ಅಂದರೆ ನೀರು ಕುಡಿದಷ್ಟು ಸುಲಭ.

ಇವಳು ಬಚ್ಚಲಿಗೆ ಹೋದಾಗ ಕಡ್ಡಿಯಲ್ಲಿ ಕೆರೆದು ಅಷ್ಟೂ ಕಾಡಿಗೆಯನ್ನು ಚರಂಡಿಗೆ ಸುರಿದೆ. ಡಬ್ಬಿಯನ್ನು ಸೀಗೆಪುಡಿ ಹಾಕಿ ಉಜ್ಜಿ ಗೂಡಿನಲ್ಲಿಟ್ಟೆ. ಚನ್ನಬಸುಗೆ ಹೇಳಲಿಲ್ಲ. ಹೇಳಿದರೆ "ಏನವ್ವಾ ನಿಂದು" ಅಂತ ರಂಪ ಮಾಡುತ್ತಾನೆ. ಅದಕ್ಕೇ ಯಜಮಾನರ ಈ ಡೈರಿ ಬರೆಯುವ ಚಟ ನಾನು ಹಿಡಿದದ್ದು. ಕಾಗದ ಎದುರು ಮಾತಾಡಲ್ಲ.

ಜುಲೈ ೫, ಶುಕ್ರವಾರ

ಆಷಾಢದ ಶುಕ್ರವಾರ. ಮಂಡಿ ನೋವು ಅಂತ ಕೂತರೆ ಆದೀತೇ, ಬೆಟ್ಟ ಹತ್ತಿ ತಾಯಿಯ ದರ್ಶನ ಮಾಡಿ ಬಂದೆ. ಜನವೋ ಜನ. ಇಳಿಯುವಾಗ ಬಳೆ ಕುಂಕುಮದ ಅಂಗಡಿ ಸಾಲಿನಲ್ಲಿ ಒಬ್ಬ ಹೆಂಗಸು ನೆಲದ ಮೇಲೆ ಬಟ್ಟೆ ಹಾಸಿ ಅಂಜನದ ಕಲ್ಲು ಮಾರುತ್ತಿದ್ದಳು. ಹೆಬ್ಬೆರಳಿನಷ್ಟು ಕಲ್ಲು, ಒಡೆದ ಕಡೆ ಕನ್ನಡಿ ಹಾಗೆ ಫಳಫಳ. ಕೈಯಲ್ಲಿಟ್ಟುಕೊಂಡರೆ, ಅಬ್ಬಾ, ಕಣ್ಣಿಗೆ ಕಾಣುವುದಕ್ಕಿಂತ ಭಾರ.

"ನೀರಲ್ಲಿ ತೇದು ಅಚ್ಚಿ ಕಣಮ್ಮಾ. ಕೂಸು ಎಷ್ಟು ಅತ್ರೂ ಅಳಿಸಿ ಓಗಲ್ಲ. ಯಾರ ಕಣ್ಣೂ ತಾಗಾಕಿಲ್ಲ" ಅಂದಳು. ತಾಯಿಯ ಬೆಟ್ಟದಲ್ಲಿ ಸಿಕ್ಕಿದ್ದು, ನಾನೇ ಕಣ್ಣಾರೆ ನೋಡಿ ಆರಿಸಿದ್ದು. ಇನ್ನೊಬ್ಬರ ಕೈ ಸೋಕಿಲ್ಲ, ಸೋಕಲು ಬಿಡುವುದೂ ಇಲ್ಲ. ಮಲ್ಲುವಿಗೆ ಬಜೆ ತೇಯುವ ಕಲ್ಲಿನ ಮೇಲೆಯೇ ಎರಡು ಸುತ್ತು ತೇದೆ. ಎಂಥ ಕಪ್ಪು! ರೇಷ್ಮೆ ಹಾಗೆ ಜಾರುತ್ತದೆ, ಮಿಂಚುತ್ತದೆ. ಆ ಹಿತ್ತಾಳೆ ಡಬ್ಬಿಯಲ್ಲೇ ಇಟ್ಟೆ. ಚನ್ನಬಸು ನೋಡಿದರೂ ಅತ್ತೆ ಮನೆಯ ಕಾಡಿಗೆ ಅಂದುಕೊಳ್ಳಲಿ, ನನಗೇನು ನಷ್ಟ.

ಜುಲೈ ೨೧, ಭಾನುವಾರ

ನನ್ನ ಕಂದನಷ್ಟು ಜಾಣ ಈ ಬೀದಿಯಲ್ಲೇ ಇಲ್ಲ. ಬೆಳಗ್ಗೆ ಎಣ್ಣೆ ನೀರು ಆದಮೇಲೆ ನಾನು ಡಬ್ಬಿ ಮುಚ್ಚಳ ತೆಗೆದು ಟಕ್ ಅನ್ನಿಸಿದರೆ ಸಾಕು, ಎಲ್ಲಿದ್ದರೂ ಓಡಿಬಂದು ಎದುರಿಗೆ ಕೂತು, ಕಣ್ಣು ಮುಚ್ಚಿ, ಮುಖ ಎತ್ತಿ ಹಿಡಿಯುತ್ತಾನೆ. ಬೆರಳು ಸವರುವವರೆಗೂ ಮಿಸುಕಾಡುವುದಿಲ್ಲ. ಅವರಮ್ಮ ತಲೆ ಬಾಚಲು ಕೂರಿಸಿದರೆ ಮನೆಯೆಲ್ಲಾ ಅಟ್ಟಾಡಿಸುತ್ತಾನೆ. ನನ್ನ ಮುಂದೆ ಮಾತ್ರ ಹೀಗೆ. ಕಣ್ಣಿಗೆ, ಹಣೆಗೆ, ಕೆನ್ನೆಗೆ, ಅಂಗಾಲಿಗೆ, ಎಲ್ಲಾ ಕಡೆ ಇಡುತ್ತೇನೆ. ಆಮೇಲೆ ಅದೇ ಕಲ್ಲಿನ ಮೇಲೆ ಬಜೆ, ಜಾಯಿಕಾಯಿ ತೇದು ಒಳಲೆಯಲ್ಲಿ ಕುಡಿಸುತ್ತೇನೆ. ಅದಕ್ಕೂ ಬಾಯಿ ತೆರೆಯುತ್ತಾನೆ, ಬಂಗಾರದಂಥವನು.

ಹಿಂದಿನ ಬೀದಿಯ ಚೆಲುವಮ್ಮ ಹಾಲು ತಂದಳು. ಎರಡು ಎಮ್ಮೆ ಕಟ್ಟಿಕೊಂಡು ಇಡೀ ಕೃಷ್ಣಮೂರ್ತಿಪುರಂಗೆ ಹಾಲು ಹಾಕುವವಳು. ಮಕ್ಕಳಿಲ್ಲ. ಮಲ್ಲುವನ್ನು ನೋಡಿದ್ದೇ "ಅಯ್ಯೋ ನನ್ನಪ್ಪಾ, ಕಣ್ಣು ನೋಡು, ಎಂಗೆ ವಜ್ರ ವಳದಂಗೆ ವಳೀತವೆ" ಅಂದುಬಿಟ್ಟಳು. ಅಂದವಳು ಬಾಗಿಲಲ್ಲಿ ನಿಂತೇ ಇದ್ದಳು, ಹೋಗಲೇ ಒಲ್ಲಳು. ಮಕ್ಕಳಿಲ್ಲದವಳ ಬಾಯಲ್ಲಿ ಹೀಗೆ ಬರಬಾರದು. ಅವಳು ಹೋದಮೇಲೆ ಮೆಣಸಿನಕಾಯಿ ಉಪ್ಪು ನಿವಾಳಿಸಿ ಒಲೆಗೆ ಹಾಕಿದೆ. ಘಾಟೇ ಬರಲಿಲ್ಲ. ದೃಷ್ಟಿ ತಗುಲಿದೆ ಅಂತಲೇ ಅರ್ಥ. ಇನ್ನೊಂದು ಸುತ್ತು ಕಲ್ಲು ತೇದು ಬೊಟ್ಟು ದೊಡ್ಡದು ಮಾಡಿದೆ.

ಆಗಸ್ಟ್ ೧೦, ಶನಿವಾರ

ಮಲ್ಲು ಉಣ್ಣುತ್ತಿಲ್ಲ. ಹೊಟ್ಟೆ ಹಿಡಿದುಕೊಂಡು ಮುಲುಗುತ್ತಾನೆ. ಹೊರಗಡೆಗೆ ಹೋಗುವುದು ಕಟ್ಟಿಕೊಂಡಿದೆ. ಮುಖ ಸುಣ್ಣದ ಹಾಗೆ ಬಿಳಿಚಿಕೊಂಡಿದೆ. ಚನ್ನಬಸು ಅಗ್ರಹಾರದ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. "ಊರೆಲ್ಲಾ ಹಬ್ಬಿರೋ ಫ್ಲೂ ಜ್ವರ ಈ ಮನೆಗೂ ಬಂದು ಹೋಗಿದೆ, ಜೊತೆಗೆ ಜಂತುಹುಳು" ಅಂತ ಎರಡು ಬಾಟಲಿ ಔಷಧಿ ಕೊಟ್ಟರಂತೆ. ಜ್ವರವೇ ಬಾರದ ಮಗುವಿಗೆ ಫ್ಲೂ ಅಂತೆ! ಕೋಟು ಹಾಕಿದವರೆಲ್ಲಾ ಡಾಕ್ಟರು.

ನನಗೆ ಅನುಮಾನ ಹಾಲಿನ ಮೇಲೆ. ಇವತ್ತಿನಿಂದ ಹಾಲು ಬೇಡ ಅಂತ ಚೆಲುವಮ್ಮನಿಗೆ ಬಾಗಿಲಲ್ಲೇ ಹೇಳಿದೆ. "ಯಾಕ್ರವ್ವಾ, ನೀರು ಬೆರೆಸ್ದೆ ಅಂದ್ರಾ? ಎಮ್ಮೆ ಮೇಲೆ ಆಣೆ" ಅಂದಳು. ನೀರಾದರೆ ಪರವಾಗಿಲ್ಲ, ಬೇರೆ ಏನಾದರೂ ಬೆರೆಸಿದ್ದರೆ? ಬಾಯಿ ಬಿಟ್ಟು ಹೇಳಲಿಲ್ಲ. ಆದರೂ ಅವಳಿಗೆ ಅರ್ಥವಾಯಿತು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೋದಳು. ತಪ್ಪಿಲ್ಲದವಳಾದರೆ ಜಗಳಕ್ಕೆ ನಿಲ್ಲುತ್ತಿದ್ದಳು.

ಆಗಸ್ಟ್ ೨೩, ಶುಕ್ರವಾರ

ಹಾಲು ಬದಲಾಯಿಸಿದರೂ ಮಗು ಹಾಗೇ ಇದೆ. ಹಾಗಾದರೆ ಚೆಲುವಮ್ಮ ಅಲ್ಲವೋ, ಅಥವಾ ಅವಳೊಬ್ಬಳೇ ಅಲ್ಲವೋ.

ಇವತ್ತು ಕಣ್ಣಾರೆ ಕಂಡೆ. ನಾನು ವಿಭೂತಿ ಹಚ್ಚಿಕೊಂಡು ಪೂಜೆಗೆ ಕೂತಿದ್ದೆ. ಬಾಗಿಲ ಸಂದಿಯಿಂದ ನೋಡುತ್ತೇನೆ, ಇವಳು ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಒದ್ದೆ ಬಟ್ಟೆಯಿಂದ ನಾನು ಹಚ್ಚಿದ ಕಪ್ಪನ್ನು ಒರೆಸುತ್ತಿದ್ದಾಳೆ! ಕಣ್ಣಿನದು, ಕೆನ್ನೆಯದು, ಹಣೆಯ ಬೊಟ್ಟು ಸಮೇತ. ಎದ್ದು ಹೋಗಿ ಕೇಳಿದೆ. "ಕಣ್ಣಲ್ಲಿ ನೀರು ಸುರಿಯುತ್ತೆ ಅತ್ತೆ, ಕೆಂಪಾಗಿದೆ, ಉಜ್ಜಿಕೊಂಡು ಅದೇ ಕೈ ಬಾಯಿಗೆ ಹಾಕ್ತಾನೆ" ಅಂದಳು. ಎಷ್ಟು ಸಲೀಸಾದ ಮಾತು! ಯಾವ ತಾಯಿ ಹೆತ್ತ ಮಗುವಿನ ದೃಷ್ಟಿಬೊಟ್ಟು ಒರೆಸುತ್ತಾಳೆ? ಎಷ್ಟು ದಿನದಿಂದ ಒರೆಸುತ್ತಿದ್ದಾಳೋ. ಅದಕ್ಕೇ ನನ್ನ ಮಗುವಿಗೆ ಯಾವ ರಕ್ಷಣೆಯೂ ಇಲ್ಲದ ಹಾಗಾಗಿದೆ.

ಸಾಯಂಕಾಲದಿಂದ ದಿನಕ್ಕೆ ಎರಡು ಸಲ ಹಚ್ಚುವುದು ಅಂತ ತೀರ್ಮಾನ ಮಾಡಿದೆ. ಅವಳು ಒರೆಸಲಿ, ನಾನು ಹಚ್ಚುತ್ತೇನೆ. ಯಾರ ಹಟ ದೊಡ್ಡದೋ ನೋಡೋಣ.

ಸೆಪ್ಟೆಂಬರ್ ೨, ಸೋಮವಾರ

ಮಲ್ಲು ಈಗ ನಿಲ್ಲುವುದಿಲ್ಲ. ನಿಲ್ಲಿಸಿದರೆ ಕಾಲು ಮಡಿಸಿಕೊಂಡು ಕೂತುಬಿಡುತ್ತಾನೆ. "ಜ್ಜೀ" ಅನ್ನುವುದನ್ನೂ ಬಿಟ್ಟಿದ್ದಾನೆ. ಒಸಡಿನ ಅಂಚಿಗೆ, ಹಲ್ಲು ಹುಟ್ಟಿದ ಕಡೆಯೆಲ್ಲಾ, ನೀಲಿಗಪ್ಪು ಗೆರೆ ಬಂದಿದೆ. ಬೆರಳಿನಲ್ಲಿ ಉಜ್ಜಿದೆ, ಹೋಗಲಿಲ್ಲ. ಇದು ಮಾಟದ ಮದ್ದಿನ ಗುರುತಲ್ಲದೆ ಇನ್ನೇನು? ಯಾರೋ ನನ್ನ ಮಗುವಿಗೆ ಮದ್ದು ಹಾಕಿದ್ದಾರೆ.

ಇನ್ನು ತಡೆಯಲಾಗಲಿಲ್ಲ. ಬೆಟ್ಟದ ತಪ್ಪಲಿನಿಂದ ಮದ್ದು ತೆಗೆಯುವ ಚಾಮಯ್ಯನನ್ನು ಕರೆಸಿದೆ. ಚನ್ನಬಸು ಕಚೇರಿಯಲ್ಲಿದ್ದ. ಇವಳು ಅಂಗಡಿಗೆ ಹೋಗಿದ್ದಳು. ವೀಳ್ಯದೆಲೆಗೆ ಕಪ್ಪು ಹಚ್ಚಿ ಅಂಜನ ಹಾಕಿ ನೋಡುತ್ತೇನೆ ಅಂದ. ಕಪ್ಪು ನನ್ನ ಕಲ್ಲಿನದೇ ತೇದುಕೊಟ್ಟೆ. ಎಲೆಯನ್ನು ಹಿಡಿದು ಬಹಳ ಹೊತ್ತು ದಿಟ್ಟಿಸಿ, "ಎಂಗಸಿನ ಕೈ ಕಣ್ರವ್ವಾ. ಒರಗಿನೋರಲ್ಲ, ಮನೇವ್ರೇ. ಪ್ರೀತಿ ತೋರುಸ್ತಾ ತೋರುಸ್ತಾನೇ ಒಟ್ಟೆಗೆ ಇಕ್ತಾವ್ರೆ" ಅಂದ. ನನಗೂ ತೋರಿಸು ಅಂತ ಎಲೆ ಇಸಿದುಕೊಂಡು ನೋಡಿದೆ. ಆ ಹೊಳಪಿನಲ್ಲಿ ನನ್ನ ಮುಖ ಬಿಟ್ಟು ಏನೂ ಕಾಣಲಿಲ್ಲ. ಮಂತ್ರ ಬಲ್ಲವರಿಗೆ ಮಾತ್ರ ಕಾಣುವುದಂತೆ.

ಮನೆಯ ಹೆಂಗಸು ಅಂದರೆ ಇನ್ನು ಯಾರು? ಇರುವವರು ಇಬ್ಬರು. ಇವಳು ಬಂದ ತಕ್ಷಣ ಹೇಳಿದೆ, "ಇವತ್ತಿನಿಂದ ಮಗುವಿಗೆ ನೀನು ಏನೂ ತಿನ್ನಿಸಬೇಡ. ಎಲ್ಲಾ ನನ್ನ ಕೈಯಿಂದಲೇ ಆಗಬೇಕು." ಅವಳು ಸಾಮಾನಿನ ಚೀಲ ಕೆಳಗಿಟ್ಟಳು. ಕಣ್ಣಲ್ಲಿ ನೀರು ತುಂಬಿತ್ತು. ನಾನು ಅದನ್ನೂ ನಂಬಲಿಲ್ಲ.

ಸೆಪ್ಟೆಂಬರ್ ೬, ಶುಕ್ರವಾರ

ಎಲ್ಲಾ ನಾನೇ ಉಣಿಸುತ್ತಿದ್ದೇನೆ. ಗಂಜಿ, ಬಜೆ, ಜಾಯಿಕಾಯಿ, ಅಳಲೆಕಾಯಿ. ದಿನಕ್ಕೆ ಮೂರು ಸಲ ಆ ಕಲ್ಲಿನ ಮುಂದೆ ಕೂರುತ್ತೇನೆ, ಭುಜ ಬಿದ್ದುಹೋಗಿದೆ. ಆದರೂ ವಾಂತಿ. ಮೊಲೆಹಾಲಿನಲ್ಲೇ ಏನಾದರೂ ಹೋಗುತ್ತಿದೆಯೋ. ಶಿವನೇ, ಅದನ್ನು ಹೇಗೆ ತಡೆಯಲಿ?

ಸೆಪ್ಟೆಂಬರ್ ೯, ಸೋಮವಾರ

ಇವಳೂ ಚೆಲುವಮ್ಮನೂ ಒಂದಾಗಿದ್ದಾರೆ. ಹಿತ್ತಲ ಗೋಡೆಯ ಹತ್ತಿರ ಗುಸುಗುಸು ಮಾತಾಡುತ್ತಿದ್ದರು. ನಾನು ಕೆಮ್ಮಿದ್ದೇ ಸುಮ್ಮನಾದರು. ಮಧ್ಯಾಹ್ನ "ದೇವಸ್ಥಾನಕ್ಕೆ ಹೋಗಿಬರ್ತೀನಿ ಅತ್ತೆ" ಅಂತ ಮಗುವನ್ನು ಎತ್ತಿಕೊಂಡು ಹೋದಳು. ತಿರುವಿನಲ್ಲಿ ಚೆಲುವಮ್ಮ ಜಟಕಾ ನಿಲ್ಲಿಸಿಕೊಂಡು ಕಾಯುತ್ತಿದ್ದಳು! ಕಿಟಕಿಯಿಂದ ಕತ್ತು ಚಾಚಿ ನೋಡಿದೆ. ಜಟಕಾ ದೇವಸ್ಥಾನದ ಕಡೆ ತಿರುಗಲಿಲ್ಲ. ಬಂದಮೇಲೆ ಕೈಯಲ್ಲಿ ಹೂವಿಲ್ಲ, ಪ್ರಸಾದವಿಲ್ಲ. "ಯಾವ ದೇವರು?" ಅಂದೆ. ಮಗುವನ್ನು ಎತ್ತಿಕೊಂಡು ಒಳಗೆ ಹೋದಳು. ಬಟ್ಟೆಯಲ್ಲಿ ಡೆಟಾಲ್ ವಾಸನೆ. ಯಾಕೋ ಗೊತ್ತಾಗಲಿಲ್ಲ.

ಸೆಪ್ಟೆಂಬರ್ ೧೧, ಬುಧವಾರ

ಡಬ್ಬಿ ಇಲ್ಲ! ಗೂಡಿನಲ್ಲಿಟ್ಟಿದ್ದ ಡಬ್ಬಿ ಕಲ್ಲಿನ ಸಮೇತ ಮಾಯ. ಬಜೆ ತೇಯುವ ಕಲ್ಲೂ ಕಾಣೆ. ತಾಯಿಯ ಬೆಟ್ಟದ ಕಲ್ಲು ಈ ಮನೆಯಲ್ಲಿರುವವರೆಗೂ ಅವಳ ಆಟ ನಡೆಯದು, ಅದಕ್ಕೇ ಸಾಗಿಸಿದ್ದಾಳೆ. ಚನ್ನಬಸು ಬರುವವರೆಗೂ ಕಾದಿದ್ದು, ಮದ್ದಿನ ವಿಷಯ, ಒರೆಸಿದ ವಿಷಯ, ಜಟಕಾದ ವಿಷಯ, ಕಲ್ಲು ನಾನು ಕೊಂಡದ್ದೊಂದು ಬಿಟ್ಟು ಎಲ್ಲಾ ಹೇಳಿದೆ. ಮೊದಲ ಸಲ ನನ್ನ ಮಗ ಪೇಪರ್ ಕೆಳಗಿಟ್ಟು ಕೇಳಿದ.

"ಸರ್ವಮಂಗಳಾ, ಅವ್ವ ಹೇಳ್ತಿರೋದು ನಿಜವಾ?" ಅಂದ.

"ಎರಡು ದಿನ ತಡೀರಿ, ಎಲ್ಲಾ ಹೇಳ್ತೀನಿ. ನನಗೇ ಇನ್ನೂ ಗೊತ್ತಿಲ್ಲ" ಅಂದಳು.

"ಏನು ಗೊತ್ತಿಲ್ಲ?"

ತಲೆ ತಗ್ಗಿಸಿ ನಿಂತಳು. ಚನ್ನಬಸು ಮುಖ ಗಂಟಿಕ್ಕಿತು. ಅನುಮಾನದ ಬೀಜ ಅವನಲ್ಲೂ ಬಿತ್ತು. ನನಗೆ ಸಮಾಧಾನ ಆಯಿತು ಅಂತ ಬರೆದರೆ ಸುಳ್ಳಲ್ಲ.

ಸೆಪ್ಟೆಂಬರ್ ೧೨, ಗುರುವಾರ

ಬೆಳಗ್ಗೆ ನನ್ನ ತೊಡೆಯ ಮೇಲೆ ಇದ್ದ ಹಾಗೇ ಮಲ್ಲುವಿಗೆ ಸೆಳವು ಬಂತು. ಕಣ್ಣು ಮೇಲೆ ಸಿಕ್ಕಿಕೊಂಡಿತು. ಕೈಕಾಲು ಸೆಟೆದವು. ನಾನು ಕಿರುಚಿದೆ. ಅವಳು ಓಡಿಬಂದು ಕಿತ್ತುಕೊಂಡು ಬೀದಿಗೆ ಓಡಿದಳು. ಕಾಲಲ್ಲಿ ಚಪ್ಪಲಿ ಇಲ್ಲ.

ದೊಡ್ಡಾಸ್ಪತ್ರೆಯಲ್ಲಿದ್ದಾನೆ. ಕಣ್ಣು ಬಿಟ್ಟಿಲ್ಲ.

ಸೆಪ್ಟೆಂಬರ್ ೧೪, ಶನಿವಾರ

ಹೇಗೆ ಬರೆಯಲಿ. ಬರೆಯದೆ ಇದ್ದರೆ ತಲೆ ಒಡೆದುಹೋಗುತ್ತದೆ.

ಮಲ್ಲು ನಿನ್ನೆ ಕಣ್ಣು ಬಿಟ್ಟ. ಇವತ್ತು ಮಧ್ಯಾಹ್ನ ಡಾಕ್ಟರ್ ಪ್ರೇಮಲೀಲಾ ನಮ್ಮ ಮೂವರನ್ನೂ ಒಳಗೆ ಕರೆದರು. ಸಣ್ಣ ವಯಸ್ಸಿನ ಹೆಂಗಸು, ಮಾತು ಮೆತ್ತಗೆ. ಎಕ್ಸ್‌ರೇ ಪಟವನ್ನು ಕಿಟಕಿಯ ಬೆಳಕಿಗೆ ಹಿಡಿದು ಮಗುವಿನ ಮೊಣಕಾಲಿನ ಮೂಳೆ ತೋರಿಸಿದರು. ತುದಿಯಲ್ಲಿ ಅಡ್ಡಕ್ಕೆ ಬಿಳಿ ಗೆರೆ. "ಇದು ಸೀಸ. ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವಾಗಿ ಮಗುವಿನ ಹೊಟ್ಟೆಗೆ ಹೋಗಿದೆ. ಒಸಡಿನ ಗೆರೆಯೂ ಅದರದ್ದೇ" ಅಂದರು.

ಸೀಸ! ಬಂದೂಕಿನ ಗುಂಡು ಮಾಡುವ ಸೀಸ. "ಹಾಲಿನವಳ ಪಾತ್ರೆ ನೋಡಿ ಡಾಕ್ಟರಮ್ಮಾ, ಅವಳ ಕಲಾಯಿ ನೋಡಿ" ಅಂತ ನಾನು ಬಾಯಿ ಹಾಕಿದೆ. ಅವರು ನನ್ನ ಕಡೆ ನೋಡಲಿಲ್ಲ. ಮೇಜಿನ ಖಾನೆ ಎಳೆದು ಒಂದು ಕಾಗದದ ಪೊಟ್ಟಣ ಬಿಚ್ಚಿದರು. ನನ್ನ ಡಬ್ಬಿ, ಅದರೊಳಗೆ ನನ್ನ ಕಲ್ಲು. ಪಕ್ಕದಲ್ಲಿ ಬಜೆ ತೇಯುವ ಕಲ್ಲು.

"ಮಗುವಿನ ಬಾಯಿಗೆ, ಮೈಗೆ ಏನೇನು ಹೋಗುತ್ತೆ, ಎಲ್ಲಾ ತನ್ನಿ ಅಂತ ನಾನು ಸೋಮವಾರ ಈ ತಾಯಿಗೆ ಹೇಳಿದ್ದೆ. ತಂದುಕೊಟ್ಟರು, ಪರೀಕ್ಷೆ ಮಾಡಿಸಿದೆ. ಇದು ಸೀಸದ ಅದಿರು. ಕಣ್ಣಿಗೆ ಹಚ್ಚಿದ್ದು, ಉಜ್ಜಿಕೊಂಡು ನೆಕ್ಕಿದ್ದು ಒಂದು ಕಡೆ. ಇದನ್ನು ತೇದ ಕಲ್ಲಿನ ಮೇಲೇ ತೇದು ಕುಡಿಸಿದ್ದು ಇನ್ನೊಂದು ಕಡೆ" ಅಂದರು. ಆಮೇಲೆ ನಿಧಾನವಾಗಿ, "ಇದು ನಿಮ್ಮ ಮನೆಗೆ ಎಲ್ಲಿಂದ ಬಂತು?" ಅಂತ ಕೇಳಿದರು.

ನಾನು ಬೆರಳುಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡೆ. ಚನ್ನಬಸು ಆ ಡಬ್ಬಿಯನ್ನೇ ನೋಡುತ್ತಿದ್ದ. "ಇದು ಗುಂಡ್ಲುಪೇಟೆ ಡಬ್ಬಿ. ನಿಮ್ಮಮ್ಮ ಕಳಿಸಿದ್ದಲ್ವಾ?" ಅಂತ ಹೆಂಡತಿಯನ್ನು ಕೇಳಿದ.

ಅವಳು ನನ್ನನ್ನು ಒಂದೇ ಒಂದು ಸಲ ನೋಡಿದಳು. "ಹೂಂ" ಅಂದಳು. "ನಮ್ಮ ತವರಿನದೇ. ತೇಯೋದೂ ನಾನೇ."

ವರಾಂಡಕ್ಕೆ ಬಂದಮೇಲೆ ಚನ್ನಬಸು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. "ನಾಳೆ ನಿನ್ನನ್ನ ಗುಂಡ್ಲುಪೇಟೆ ಬಸ್ಸು ಹತ್ತಿಸ್ತೀನಿ. ಮಗು ಉಳಿದರೆ ಅವ್ವ ಸಾಕ್ತಾಳೆ. ಇನ್ನು ಈ ಕಡೆ ಬರಬೇಡ" ಅಂದ.

ನಾನು ಬೆಟ್ಟ ಹತ್ತಿ ಏನು ಬೇಡಿಕೊಂಡಿದ್ದೆನೋ ಅಷ್ಟನ್ನೂ ತಾಯಿ ಒಂದೇ ಮಾತಿನಲ್ಲಿ ಕೊಟ್ಟುಬಿಟ್ಟಳು. ಮಗ ನನ್ನವನು, ಮೊಮ್ಮಗ ನನ್ನವನು, ಅವಳು ಗುಂಡ್ಲುಪೇಟೆಗೆ. ನಾನು ಬಾಯಿ ಬಿಡಲಿಲ್ಲ. ಮನೆಗೆ ಬಂದು ಕೂತಿದ್ದೇನೆ. ಅವಳು ಯಾಕೆ ಹಾಗಂದಳು? ಇದರಲ್ಲೂ ಏನೋ ಹೂಟ ಇರಬೇಕು. ನನ್ನನ್ನು ಹಂಗಿನಲ್ಲಿ ಇಟ್ಟುಕೊಳ್ಳುವುದಕ್ಕೆ ಇರಬೇಕು. ಇರಲೇಬೇಕು. ಇಲ್ಲದಿದ್ದರೆ ಯಾರಾದರೂ ಹೀಗೆ ಮಾಡುತ್ತಾರೆಯೇ?

ಸೀಗೆಪುಡಿ ಹಾಕಿ ಕೈ ತೊಳೆದೆ. ಉಗುರಿನ ಸಂದಿಯಲ್ಲಿ ಇನ್ನೂ ಕಪ್ಪಿದೆ.

ಸೆಪ್ಟೆಂಬರ್ ೧೫, ಭಾನುವಾರ

ಬೆಳಗ್ಗೆ ಗಂಜಿ ತಗೊಂಡು ಆಸ್ಪತ್ರೆಗೆ ಹೋದೆ. ಮಂಚದ ಕೆಳಗೆ ಅವಳ ಟ್ರಂಕು ಬಂದಿತ್ತು. ಚನ್ನಬಸು ಆಚೆ ನಿಂತು ಬೀಡಿ ಸೇದುತ್ತಿದ್ದ. ನನ್ನ ಮುಂದೆ ಎಂದೂ ಸೇದಿದವನಲ್ಲ, ಇವತ್ತು ಮರೆಸಲೂ ಇಲ್ಲ. ಅವಳು ಮಗುವಿಗೆ ಕೊನೆಯ ಸಲ ಹಾಲು ಕೊಟ್ಟು, ಬಾಯಿ ಒರೆಸಿ, ನನ್ನ ಮಡಿಲಿಗೆ ಇಟ್ಟಳು. ಇಟ್ಟು ಹೇಳಿದಳು:

"ಮಲಗುವಾಗ ಬಲಗಿವಿ ಹಿಡ್ಕೋತಾನೆ ಅತ್ತೆ, ಕೈ ಬಿಡಿಸಬೇಡಿ, ಅಳ್ತಾನೆ. ಇಂಜೆಕ್ಷನ್ ಕೊಡೋವಾಗ ನೀವು ಅವನ ಮುಖ ನೋಡ್ತಾ ಇರಿ. ನೀವು ಕಾಣಿಸ್ತಾ ಇದ್ರೆ ಅಷ್ಟು ಹೆದರಲ್ಲ."

ಅಯ್ಯೋ, ಅಯ್ಯೋ! ನಾನು ಏನು ಮಾಡಿದ್ದೇನೆ ಅಂತ ಗೊತ್ತಿದ್ದೂ ಮಗುವನ್ನು ನನ್ನ ಮಡಿಲಿಗೆ ಇಟ್ಟು ಹೋಗುತ್ತಿದ್ದಾಳಲ್ಲಾ! ನಾನು ಅವಳ ತಾಯಿ ಕಳಿಸಿದ ಮಸಿಯನ್ನೂ ನಂಬಲಿಲ್ಲ. ಅವಳ ಎದೆಹಾಲನ್ನೂ ನಂಬಲಿಲ್ಲ.

"ಯಾಕೇ ಹಾಗಂದೆ?" ಅಂತ ಕೇಳಿದೆ.

"ನಿಮ್ಮದು ಅಂದಿದ್ರೆ ನಿಮ್ಮ ಮಗ ಈ ಜನ್ಮದಲ್ಲಿ ನಿಮ್ಮ ಮುಖ ನೋಡ್ತಿರಲಿಲ್ಲ. ನೀವು ಬೇಕು ಅಂತ ಮಾಡಿದ್ದಲ್ಲವಲ್ಲ. ನನ್ನ ಮೇಲೆ ಹೇಗಿದ್ರೂ ಅನುಮಾನ ಇದ್ದೇ ಇತ್ತು ಅತ್ತೆ. ಅದರ ಜೊತೆಗೆ ಇದೂ ಒಂದು ಇರಲಿ ಅಂದ್ಕೊಂಡೆ."

ಚೆಲುವಮ್ಮ ಬಾಗಿಲ ಹತ್ತಿರ ಕುಕ್ಕರಗಾಲಲ್ಲಿ ಕೂತಿದ್ದಳು. ಮೇಲೆ ನೋಡಲಿಲ್ಲ, ನೆಲ ನೋಡಿಕೊಂಡೇ, "ಒಸಡು ನೋಡಿ ಎದರಿ ನನ್ನತ್ರ ಬಂತು ಈ ಎಣ್ಣುಮಗ. ಅಗ್ರಾರದ ಡಾಕುಟ್ರು ಬ್ಯಾಡ, ದೊಡ್ಡಾಸ್ಪತ್ರೆಗೆ ಓಗಾನ ಅಂದೆ, ಅಷ್ಟೇಯ. ನಿಮಗೇಳಿದ್ರೆ ಬುಡ್ತಿದ್ರಾ ಅವ್ವಾ?" ಅಂದಳು. ಬಿಡುತ್ತಿರಲಿಲ್ಲ. ನಿಜ.

ಮಗುವನ್ನು ಎತ್ತಿಕೊಂಡೇ ವರಾಂಡಕ್ಕೆ ಹೋದೆ. "ಚನ್ನಬಸೂ" ಅಂದೆ. "ಆ ಕಲ್ಲು ನಾನು ಬೆಟ್ಟದಲ್ಲಿ ಕೊಂಡದ್ದು. ನಿಮ್ಮತ್ತೆ ಕಳಿಸಿದ ಕಾಡಿಗೇನ ಮೊದಲನೇ ದಿನವೇ ಚರಂಡಿಗೆ ಸುರಿದೆ. ಡಬ್ಬಿ ಮಾತ್ರ ಅವರದ್ದು. ತೇದದ್ದು ನಾನು, ಹಚ್ಚಿದ್ದು ನಾನು, ಕುಡಿಸಿದ್ದು ನಾನು. ಇವಳು ಒರೆಸಿದ್ದಕ್ಕೇ ಈ ಮಗು ಇಷ್ಟಾದರೂ ಉಳಿದಿದೆ. ಬಸ್ಸು ಹತ್ತಿಸೋದಾದರೆ ನನ್ನ ಹತ್ತಿಸು."

ಬೀಡಿ ಅವನ ಬೆರಳು ಸುಡುವವರೆಗೂ ಹಾಗೇ ನಿಂತಿದ್ದ. ಆಮೇಲೆ ನನ್ನ ಕೈಯಿಂದ ಮಗುವನ್ನು ಇಸಿದುಕೊಂಡು ಒಳಗೆ ಹೋದ.

ಟ್ರಂಕನ್ನು ಚೆಲುವಮ್ಮನೂ ನಾನೂ ಹಿಡಿದುಕೊಂಡು ಮನೆಗೆ ತಂದೆವು. ಒಂದು ಕಡೆ ಹಿಡಿ ಕಿತ್ತುಹೋಗಿದೆ. ಚೆಲುವಮ್ಮ ಆ ಕಡೆಯನ್ನೇ ಹಿಡಿದಳು.

ಸೆಪ್ಟೆಂಬರ್ ೨೪, ಮಂಗಳವಾರ

ಇಂಜೆಕ್ಷನ್ ನಡೆಯುತ್ತಿದೆ. ಚನ್ನಬಸು ಬರುತ್ತಾನೆ, ಊಟ ಮಾಡುತ್ತಾನೆ, ಹೋಗುತ್ತಾನೆ. "ಅವ್ವಾ" ಅನ್ನಲಿಲ್ಲ. ಸರ್ವಮಂಗಳಾ ಬುತ್ತಿ ತಗೊಂಡು ಹೋಗುವಾಗ ಬಾಗಿಲಲ್ಲಿ "ಮಾತಾಡ್ತಾರೆ ಬಿಡಿ ಅತ್ತೆ, ಸ್ವಲ್ಪ ದಿನ ಹೋಗಲಿ" ಅಂದಳು. ಚೆಲುವಮ್ಮನ ಹಾಲು ಮತ್ತೆ ಬರುತ್ತಿದೆ. ಒಳ್ಳೆಯ ಕೆನೆ.

ಅಕ್ಟೋಬರ್ ೧೩, ಭಾನುವಾರ

ದಸರಾ ಮುಗಿದು ಊರು ಖಾಲಿಯಾದಮೇಲೆ ಮಲ್ಲು ಮನೆಗೆ ಬಂದ. ಗೋಡೆ ಹಿಡಿದು ನಿಲ್ಲುತ್ತಾನೆ. ನಡೆಯುವುದಿಲ್ಲ. ಬುದ್ಧಿಗೆ ಏನಾದರೂ ಪೆಟ್ಟಾಗಿದೆಯೋ ಇಲ್ಲವೋ ದೊಡ್ಡವನಾದಮೇಲೇ ತಿಳಿಯುವುದು ಅಂತ ಡಾಕ್ಟರಮ್ಮ ಹೇಳಿದ್ದಾರೆ. ಆ ಮಾತು ಎದೆಯಲ್ಲಿ ಮುಳ್ಳಿನ ಹಾಗೆ ಕೂತಿದೆ, ಅಲ್ಲೇ ಇರಲಿ.

ಗಿರಿಜಾಂಬಾ ಇವತ್ತು ಗುಂಡ್ಲುಪೇಟೆಯಿಂದ ಬಂದರು. ಮೊಮ್ಮಗನನ್ನು ನೋಡಿ ಅತ್ತರು. ಅತ್ತು ಕಣ್ಣೊರೆಸಿಕೊಂಡು ಗಂಟು ಬಿಚ್ಚಿದರು. ಮತ್ತೆ ಹಿತ್ತಾಳೆ ಡಬ್ಬಿ. "ಹೋದ ಸಲ ಕಳಿಸಿದ ಕಾಡಿಗೆ ಮಗುವಿಗೆ ಒಗ್ಗಿತಾ ಬೀಗಿತ್ತಿ?" ಅಂತ ಕೇಳಿದರು. ಪಾಪ, ಅವರಿಗೆ ಯಾರೂ ಏನೂ ಹೇಳಿರಲಿಲ್ಲ. ಮಗಳು ಕೂಡ ಹೇಳಿಲ್ಲ. ಸರ್ವಮಂಗಳಾ ಏನೋ ಹೇಳಲು ಹೋದಳು. ನಾನು ಕೈ ಹಿಡಿದು ತಡೆದು, ಇದ್ದದ್ದನ್ನು ಇದ್ದ ಹಾಗೆ ನಾನೇ ಹೇಳಿದೆ. ಚರಂಡಿಯಿಂದ ಹಿಡಿದು ಎಲ್ಲಾ. ಅವರು ಡಬ್ಬಿಯನ್ನು ಕೈಯಲ್ಲಿ ತಿರುಗಿಸಿದರು. "ನನ್ನ ಕೈಯನ್ನು ಅನುಮಾನಿಸಿದಿರಾ?" ಅಂದರು. "ಹೂಂ" ಅಂದೆ. ಇನ್ನೇನು ಹೇಳಲಿ.

ಅಷ್ಟರಲ್ಲಿ ಅವರ ಕೈಯಲ್ಲಿದ್ದ ಡಬ್ಬಿಯ ಮುಚ್ಚಳ ಟಕ್ ಅಂತು.

ಗೋಡೆ ಹಿಡಿದು ನಿಂತಿದ್ದ ಮಲ್ಲು ತಿರುಗಿದ. ಗೋಡೆ ಬಿಟ್ಟು ಕುಸಿದು ಕೂತು, ತೆವಳಿಕೊಂಡು, ನೆಲದ ಮೇಲೆ ಕೂತಿದ್ದ ಎಲ್ಲರನ್ನೂ ದಾಟಿ ನನ್ನ ಎದುರಿಗೆ ಬಂದ. ಬಂದು, ಕಣ್ಣು ಮುಚ್ಚಿ, ಮುಖ ಎತ್ತಿ ಹಿಡಿದ.

ನನ್ನ ಕೈ ಮೇಲೇಳಲಿಲ್ಲ. ಕಣ್ಣಿಗೆ ಯಾವ ಕಪ್ಪೂ ಬೇಡ ಅಂತ ಡಾಕ್ಟರಮ್ಮನ ಅಪ್ಪಣೆ. ಅಪ್ಪಣೆ ಇಲ್ಲದಿದ್ದರೂ ಏಳುತ್ತಿರಲಿಲ್ಲ. ಅವನು ಕಾಯುತ್ತಲೇ ಇದ್ದ. ಮೊದಲಿನ ಹಾಗೇ, ಮಿಸುಕದೆ.

"ಬರೀ ಬೆರಳು ಸವರಿ ಅತ್ತೆ. ಅವನಿಗೆ ಅಷ್ಟೇ ಬೇಕಾಗಿರೋದು" ಅಂದಳು ಸರ್ವಮಂಗಳಾ.

ಎದ್ದು ಹೋಗಿ ಬಚ್ಚಲಲ್ಲಿ ಕೈ ತೊಳೆದೆ. ಸೀಗೆಪುಡಿ ಹಾಕಿ, ಬೂದಿ ಹಾಕಿ, ಮತ್ತೆ ಸೀಗೆಪುಡಿ ಹಾಕಿ ತೊಳೆದೆ. ಬಂದು ಬೆರಳನ್ನು ಸರ್ವಮಂಗಳೆಯ ಮುಂದೆ ಹಿಡಿದು, "ಚೆನ್ನಾಗಿ ನೋಡಮ್ಮಾ, ಏನಾದರೂ ಅಂಟಿದೆಯಾ?" ಅಂದೆ. ಬಾಗಿಲಲ್ಲಿ ನಿಂತಿದ್ದ ಚನ್ನಬಸುವೂ ನೋಡುತ್ತಿದ್ದ. ಅವಳು ನನ್ನ ಬೆರಳನ್ನು ಕಿಟಕಿಯ ಬೆಳಕಿಗೆ ತಿರುಗಿಸಿ, ಉಗುರಿನ ಸಂದಿ ಎಲ್ಲಾ ನಿಧಾನವಾಗಿ ನೋಡಿ, ತನ್ನ ಸೆರಗಿನಿಂದ ಒರೆಸಿ, "ಏನೂ ಇಲ್ಲ" ಅಂದಳು.

ಮಲ್ಲು ಇನ್ನೂ ಕಣ್ಣು ಮುಚ್ಚಿಕೊಂಡೇ ಕೂತಿದ್ದ.